ಹೆಗಲ ಮೇಲಿನ ಅಂಗಡಿಗೆ ವಿಮೆ ಮಾಡಿಸಿದವರು ಕೈ ಎತ್ತಿ

ಛಾಯಾಗ್ರಾಹಕ ಬಂಧುಗಳೇ,

ಕಲ್ಯಾಣ ಮಂಟಪದಲ್ಲಿ ಕ್ಯಾಮೆರಾ ಬ್ಯಾಗ್ ಕಳುವಾಗುವುದು ನಿಮಗೇನೂ ಹೊಸ ಸುದ್ದಿಯಲ್ಲ. ಸೀಸನ್ ಬಂತೆಂದರೆ ವಾಟ್ಸ್‌ಆಪ್ ಗ್ರೂಪಿನಲ್ಲಿ ಅದೇ ಸಿಸಿಟಿವಿ ತುಣುಕು: ಇಸ್ತ್ರಿ ಶರ್ಟು ಹಾಕಿಕೊಂಡು ಗಂಡಿನ ಕಡೆಯವನ ಹಾಗೆ ಬಂದವನೊಬ್ಬ, ಎದುರಾದವರಿಗೆಲ್ಲ ನಮಸ್ಕಾರ ಹಾಕುತ್ತಾ, ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟೇ ಹೋಗುತ್ತಾನೆ. ನಾವು ‘ಅಯ್ಯೋ ಪಾಪ’ ಎಂದು ಬರೆದು, ನಾಲ್ಕು ಗ್ರೂಪಿಗೆ ಕಳಿಸಿ ಮಲಗುತ್ತೇವೆ. ಆ ಕಳ್ಳನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಸಿಟ್ಟು ಬಂದಿರುವುದು ಕಳುವಾದ ಮೇಲೆ ಬರುವ ಕಾಗದವನ್ನು ನೋಡಿ.

ನಮ್ಮ ತಾಲ್ಲೂಕಿನದೇ ಹುಡುಗ. ಬ್ಯಾಂಕ್ ಸಾಲ ಮಾಡಿ ಎರಡು ಬಾಡಿ, ಒಂದು 70-200 ಲೆನ್ಸ್, ಫ್ಲ್ಯಾಶ್, ಗಿಂಬಲ್ ಎಲ್ಲ ಜೋಡಿಸಿಕೊಂಡಿದ್ದ. ಧಾರೆ ಮುಗಿಯಿತು, ಬ್ಯಾಗನ್ನು ವೇದಿಕೆಯ ಹಿಂದಿಟ್ಟು ಒಂದು ಬಾಡಿ ಹಿಡಿದುಕೊಂಡು ಊಟದ ಪಂಕ್ತಿ ತೆಗೆಯಲು ಹೋದ. ತಿರುಗಿ ಬಂದರೆ ಬ್ಯಾಗಿಲ್ಲ. ಹಿಂದಿನ ರಾತ್ರಿಯ ಆರತಕ್ಷತೆಯ ಕಾರ್ಡುಗಳೂ ಅದರಲ್ಲೇ. ಪಾಲಿಸಿ ಇತ್ತು, ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದ. ಕಂಪನಿಯ ಉತ್ತರ ಬಂತು: ಕಳವು ನಡೆದ ಜಾಗ ಪಾಲಿಸಿಯಲ್ಲಿ ನಮೂದಿಸಿದ ಜಾಗವಲ್ಲ, ಬೀಗ ಬಾಗಿಲು ಒಡೆದ ಗುರುತೂ ಇಲ್ಲ, ಆದ್ದರಿಂದ ಕ್ಲೇಮ್ ಮಾನ್ಯ ಮಾಡಲಾಗದು. ಆ ಕಾಗದವನ್ನೂ ಪಾಲಿಸಿಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದೆ. ಪಾಲಿಸಿಯ ಪ್ರಕಾರ ಕಂಪನಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಹೊಟ್ಟೆ ಉರಿದದ್ದು ಅದಕ್ಕೇ.

ಏಕೆಂದರೆ ಆ ಪಾಲಿಸಿ ಮಾರಿದವನು ಅವನ ಅಂಗಡಿ ವಿಳಾಸ ಕೇಳಿದ್ದ, ಆಧಾರ್ ಕೇಳಿದ್ದ, ಪ್ಯಾನ್ ಕೇಳಿದ್ದ, ನಾಮಿನಿಯ ಹೆಸರೂ ಕೇಳಿದ್ದ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ: ‘ನಿನ್ನ ಕ್ಯಾಮೆರಾ ದಿನವಿಡೀ ಎಲ್ಲಿರುತ್ತದಪ್ಪಾ?’

ಇದನ್ನು ನಾನು ಕ್ಷಮಿಸಲಾರೆ. ನಮ್ಮ ಸ್ಟುಡಿಯೋ ಒಳಗೆ ಏನಿರುತ್ತದೆ ಹೇಳಿ? ಪಾಸ್‌ಪೋರ್ಟ್ ಫೋಟೋಗೆ ಒಂದು ಪರದೆ, ಒಂದು ಸ್ಟೂಲು, ಹಳೇ ಕಂಪ್ಯೂಟರು, ಪ್ರಿಂಟರು, ಗಾಜಿನ ಕಪಾಟಿನಲ್ಲಿ ಧೂಳು ಹಿಡಿದ ಫ್ರೇಮುಗಳು. ಬೆಲೆ ಬಾಳುವುದೆಲ್ಲ ನಮ್ಮ ಹೆಗಲ ಮೇಲೆ, ಕಾರಿನ ಡಿಕ್ಕಿಯಲ್ಲಿ, ಯಾವುದೋ ಊರಿನ ಮಂಟಪದ ಕುರ್ಚಿಯ ಕೆಳಗೆ. ಇಂಥ ಕಸುಬಿನವನಿಗೆ ಬರೀ ನಾಲ್ಕು ಗೋಡೆಯ ವಿಮೆ ಮಾರುವುದೆಂದರೆ, ಕುದುರೆ ಸಂತೆಗೆ ಹೋಗಿರುವಾಗ ಲಾಯಕ್ಕೆ ಕಾವಲು ಹಾಕಿದ ಹಾಗೆ.

ಗೋಡೆಯ ವಿಮೆ ಬೇಡ ಎನ್ನುತ್ತಿಲ್ಲ. 2021ರ ಏಪ್ರಿಲ್ 1ರಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಪಾಲಿಸಿ ಬಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿದ್ದು. ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಸಣ್ಣ ಉದ್ಯಮಗಳಿಗೆ ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹದಿಂದ ಆಗುವ ನಷ್ಟಕ್ಕೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕಿಗೆ ನುಗ್ಗಿದ್ದನ್ನು ನೆನಪಿಟ್ಟುಕೊಂಡವರು ಇಂಥದ್ದನ್ನು ಬೇಡ ಎನ್ನಲಾರರು. ಆದರೆ ಮಂಟಪದಲ್ಲಿ ಯಾರೋ ಬ್ಯಾಗ್ ಎತ್ತಿಕೊಂಡು ಹೋದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಜೊತೆಗೆ ‘ಕಳ್ಳತನಕ್ಕೂ ಇದೆ ಸಾರ್’ ಎಂದು ತಳುಕು ಹಾಕುವ ಬರ್ಗ್ಲರಿ ಪಾಲಿಸಿ ಇದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಕಳ್ಳ ಬಲಪ್ರಯೋಗ ಮಾಡಿ ಒಳನುಗ್ಗಿರಬೇಕು. ಬೀಗ ಮುರಿಯದೆ, ಬಾಗಿಲು ಒಡೆಯದೆ ಸುಮ್ಮನೆ ಎತ್ತಿಕೊಂಡು ಹೋದರೆ ಅದು ಕಳವೇ ಹೌದು, ಆದರೆ ಪಾಲಿಸಿಯ ಭಾಷೆಯ ಬರ್ಗ್ಲರಿಯಲ್ಲ. ಪಾಲಿಸಿಯಲ್ಲಿ ಬರೆದ ಮಾತಿಗೇ ಎರಡೂ ಕಡೆಯವರು ಬದ್ಧರು ಎಂದು 2004ರಲ್ಲಿ ಸುಪ್ರೀಂ ಕೋರ್ಟೇ ಇಂಥದೊಂದು ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಇಷ್ಟು ಹಳೆಯ ವಿಷಯ ಮಾರುವವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಬಾಯಿ ಬಿಡುವುದಿಲ್ಲ, ಅಷ್ಟೆ. ‘ಎಲ್ಲಾ ಕವರ್ ಆಗುತ್ತೆ ಸಾರ್, ಇಲ್ಲೊಂದು ಸೈನ್ ಹಾಕಿ.’

ಈಗ ನಮ್ಮ ಮಾತಿಗೆ ಬರೋಣ. ಬಯ್ಯುವುದು ಬಾಕಿ ಇದೆ.

ಒಂದು ಲೆನ್ಸಿನ ಮೂಲೆಯಲ್ಲಿ ಶಾರ್ಪ್‌ನೆಸ್ ಎಷ್ಟಿದೆ ಎಂದು ರಾತ್ರಿ ಎರಡರವರೆಗೆ ಯೂಟ್ಯೂಬ್ ನೋಡುವವರು ನಾವು. ಅದೇ ಲೆನ್ಸಿನ ವಿಮೆಯ ಕಾಗದವನ್ನು ಕವರಿನಿಂದ ಹೊರಗೆ ತೆಗೆದವರು ಎಷ್ಟು ಜನ? ‘ಬ್ಯಾಂಕಿನವರೇ ಮಾಡಿಸಿದ್ದಾರೆ’ ಎನ್ನುತ್ತೀರಿ. ಬ್ಯಾಂಕಿನವರು ಮಾಡಿಸಿದ್ದು ತಮ್ಮ ಸಾಲದ ಭದ್ರತೆಗೆ, ಸ್ವಾಮಿ. ಅದರಲ್ಲಿ ‘ಲೊಕೇಶನ್ ಆಫ್ ರಿಸ್ಕ್’ ಎಂಬ ಸಾಲಿದೆ. ಅಲ್ಲಿ ನಿಮ್ಮ ಅಂಗಡಿಯ ವಿಳಾಸ ಮಾತ್ರ ಇದ್ದರೆ ಮಂಟಪದಲ್ಲಿ ನೀವು ಬರಿಗೈಯವರು. ಮನೆಯಲ್ಲೇ ಎಡಿಟಿಂಗ್ ಮಾಡುವವರು ಮನೆಯ ವಿಮೆ ನಂಬಿಕೊಂಡಿದ್ದರೆ ಇನ್ನೂ ಕಷ್ಟ. ಕಸುಬಿಗೆ ಬಳಸುವ ಸಾಮಾನನ್ನು ಅಂಥ ಪಾಲಿಸಿಗಳು ಮನೆಯ ಸಾಮಾನೆಂದು ಒಪ್ಪುವುದಿಲ್ಲ.

ನಮಗೆ ಬೇಕಾದದ್ದು ಹೆಗಲ ಮೇಲಿರುವ ಸಾಮಾನಿನ ಜೊತೆ ಓಡಾಡುವ ವಿಮೆ. ‘ಆಲ್ ರಿಸ್ಕ್’ ಎನ್ನುತ್ತಾರೆ, ಕೆಲವು ಕಡೆ ಎಲೆಕ್ಟ್ರಾನಿಕ್ ಉಪಕರಣದ ಪಾಲಿಸಿಗೆ ‘ಪೋರ್ಟಬಲ್’ ಎಂದು ಸೇರಿಸುತ್ತಾರೆ. ಪ್ರೀಮಿಯಂ ಜಾಸ್ತಿ, ನಿಜ. ಹೆಸರು ನೋಡಿ ಇದಕ್ಕೂ ಮರುಳಾಗಬೇಡಿ, ‘ಆಲ್’ ಎಂದ ಮಾತ್ರಕ್ಕೆ ಎಲ್ಲವೂ ಅಲ್ಲ. ಭಾರತದ ಯಾವ ಊರಿನಲ್ಲಿದ್ದರೂ ನಡೆಯುತ್ತದೆಯೇ, ಬೀಗ ಹಾಕಿದ ಕಾರಿನೊಳಗಿಂದ ಹೋದರೆ ಕೊಡುತ್ತಾರೆಯೇ, ಜನರ ನಡುವೆ ಇಟ್ಟ ಬ್ಯಾಗ್ ಹೋದರೆ ‘ಕಾವಲಿಲ್ಲದೆ ಬಿಟ್ಟಿರಿ’ ಎಂದು ಕೈ ತೊಳೆದುಕೊಳ್ಳುತ್ತಾರೆಯೇ, ದಿನಗೂಲಿಗೆ ಕರೆದ ಸೆಕೆಂಡ್ ಕ್ಯಾಮೆರಾದವನ ಕೈಯಲ್ಲಿ ಬಿದ್ದು ಒಡೆದರೆ ಏನು ಕಥೆ, ಇಷ್ಟನ್ನು ಕೇಳಿ. ಉತ್ತರವನ್ನು ಬಾಯಲ್ಲಿ ತೆಗೆದುಕೊಳ್ಳಬೇಡಿ, ಇಮೇಲಿನಲ್ಲಿ ತರಿಸಿಕೊಳ್ಳಿ. ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಚಿಕ್ಕದಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರ ಇರುತ್ತದೆ. ದುಡ್ಡು ಕಟ್ಟುವ ಮೊದಲೇ ಅದನ್ನು ತೋರಿಸಿ ಎಂದು ಪಟ್ಟು ಹಿಡಿಯಿರಿ.

ಬಿಲ್ಲಿನ ವಿಷಯ ಬಂದರೆ ತಲೆ ತಗ್ಗಿಸುವವರು ನಮ್ಮಲ್ಲಿ ಬಹಳ. ನಾಲ್ಕು ಸಾವಿರ ಉಳಿಯುತ್ತದೆಂದು ಬಿಲ್ಲಿಲ್ಲದ ಮಾಲು ತರುತ್ತೀರಿ. ಸೀರಿಯಲ್ ನಂಬರ್ ಎಲ್ಲೂ ಬರೆದಿಟ್ಟಿರುವುದಿಲ್ಲ. ಕಳುವಾದ ದಿನ ಸರ್ವೇಯರ್ ಮುಂದೆ ಏನು ತೋರಿಸುತ್ತೀರಿ? ಇನ್ನೊಂದು ಜಾಣತನವಿದೆ, ಪ್ರೀಮಿಯಂ ಉಳಿಸಲು ಬೆಲೆ ಕಡಿಮೆ ಬರೆಸುವುದು. ಇವತ್ತು 2 ಲಕ್ಷ ಬಾಳುವ ಬಾಡಿಯನ್ನು 1 ಲಕ್ಷಕ್ಕೆ ಬರೆಸಿದರೆ, 40 ಸಾವಿರದ ನಷ್ಟಕ್ಕೆ 40 ಸಾವಿರ ಸಿಗುವುದಿಲ್ಲ. ಅರ್ಧ ಬೆಲೆಗೆ ಬರೆಸಿದವನಿಗೆ ಅರ್ಧ ನಷ್ಟ, 20 ಸಾವಿರ, ಅದರಲ್ಲೂ ಸವಕಳಿ ಮತ್ತೊಂದು ಮುರಿದುಕೊಂಡು.

ಠಾಣೆಯಲ್ಲೂ ಎಚ್ಚರ. ‘ಕಳೆದುಹೋಗಿದೆ ಅಂತ ಬರೆದುಕೊಡಿ, ಹಿಂಬರಹ ಕೊಡ್ತೀವಿ’ ಎನ್ನುತ್ತಾರೆ. ಬರೆದುಕೊಟ್ಟಿರೋ, ಕೆಟ್ಟಿರಿ. ಕಳುವಾಗಿದ್ದರೆ ಕಳವು ಎಂದೇ ಬರೆಯಿರಿ, ಎಫ್‌ಐಆರ್ ಪ್ರತಿ ಕೈಗೆ ಬರುವವರೆಗೆ ಬೆಂಚು ಬಿಟ್ಟು ಏಳಬೇಡಿ.

ನಮ್ಮ ಸಾಮಾನಿನದು ಇಷ್ಟಾದರೆ, ನಮ್ಮಿಂದ ಬೇರೆಯವರಿಗೆ ಆಗುವ ಹಾನಿಯ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ. ಲೈಟಿನ ಸ್ಟ್ಯಾಂಡ್ ಅಜ್ಜಿಯೊಬ್ಬರ ಮೇಲೆ ಬಿದ್ದರೆ? 250 ಗ್ರಾಂ ದಾಟಿದ ಡ್ರೋನಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಎಂದು 2021ರ ಡ್ರೋನ್ ನಿಯಮಗಳು ಹೇಳುತ್ತವೆ. ಮಾಂಗಲ್ಯಧಾರಣೆಯ ಹೊತ್ತಿಗೆ ತಲೆಗಳ ಮೇಲೆ ಗುಯ್ಗುಡಿಸುವವರಲ್ಲಿ ಎಷ್ಟು ಜನರ ಬಳಿ ಅದಿದೆ? 2020ರ ನವೆಂಬರ್‌ನಲ್ಲಿ ತಲಕಾಡಿನ ಬಳಿ ಮದುವೆಗೆ ಮುಂಚಿನ ಫೋಟೋಶೂಟ್‌ಗೆ ಬಂದ ಜೋಡಿಯೊಂದು ತೆಪ್ಪ ಮಗುಚಿ ಕಾವೇರಿಯ ಪಾಲಾಯಿತು. ಅದಾದ ಮೇಲೂ ನಾವು ನೀರಿನ ಅಂಚಿಗೆ ಜನರನ್ನು ನಿಲ್ಲಿಸಿ ‘ಇನ್ನೊಂಚೂರು ಹಿಂದಕ್ಕೆ’ ಎನ್ನುವುದನ್ನು ಬಿಟ್ಟಿಲ್ಲ. ಯಾವ ಪಾಲಿಸಿಯೂ ಜೀವ ವಾಪಸ್ ತರುವುದಿಲ್ಲ, ಅದನ್ನು ಬೇರೆ ಹೇಳಬೇಕೇ? ಕಾರ್ಡಿನಲ್ಲಿದ್ದ ಫೋಟೋ ಹೋದರೆ ಗ್ರಾಹಕರ ಆಯೋಗದ ನೋಟಿಸು ಬರುತ್ತದೆ. ಕ್ಯಾಮೆರಾ ಪಾಲಿಸಿ ಕಾರ್ಡಿನ ಬೆಲೆ ಕೊಟ್ಟೀತು, ಮುಹೂರ್ತದ ಬೆಲೆ ಕೊಡದು. ವೃತ್ತಿಯ ಹೊಣೆಗಾರಿಕೆಗೆಂದೇ ಬೇರೆ ವಿಮೆ ಇದೆ, ವಿಚಾರಿಸಿ.

ಕ್ಲೇಮ್ ತಿರಸ್ಕರಿಸಿದರೆ ಹಣೆಬರಹ ಎಂದು ಕೂರಬೇಡಿ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಒಬ್ಬರೇ ನಡೆಸುವ ಸ್ಟುಡಿಯೋದವರೂ ಹೋಗಬಹುದು. ಆದರೆ ಅಲ್ಲಿಯೂ ನೋಡುವುದು ಪಾಲಿಸಿಯಲ್ಲಿ ಏನು ಬರೆದಿದೆ ಎಂಬುದನ್ನೇ. ತಿರುಗಿ ಅದೇ ಪ್ರಶ್ನೆ: ಕ್ಯಾಮೆರಾ ಎಲ್ಲಿರುತ್ತದೆ ಎಂದು ಯಾರು ಕೇಳಿದರು, ಯಾರು ಬರೆಸಿದರು?

ಕೊನೆಗೆ ನಮ್ಮ ಸಂಘಗಳ ಪದಾಧಿಕಾರಿಗಳಿಗೆ. ಪ್ರತಿ ಆಗಸ್ಟ್ 19ಕ್ಕೆ ವಿಶ್ವ ಛಾಯಾಗ್ರಹಣ ದಿನ ಮಾಡುತ್ತೀರಿ. ಬ್ಯಾನರ್, ಶಾಲು, ಹಾರ, ಹಣ್ಣಿನ ಬುಟ್ಟಿ, ಅತಿಥಿಗಳ ಭಾಷಣ. ಕ್ರಿಕೆಟ್ ಪಂದ್ಯಾವಳಿಗೆ ಪ್ರಾಯೋಜಕರನ್ನು ಹುಡುಕುವ ಉತ್ಸಾಹದಲ್ಲಿ ಕಾಲು ಭಾಗ ಸಾಕು, ಇಡೀ ತಾಲ್ಲೂಕಿನ ಸದಸ್ಯರ ಸಾಮಾನಿನ ಪಟ್ಟಿ ಹಿಡಿದು ಎರಡು ಮೂರು ಕಂಪನಿಗಳನ್ನು ಎದುರು ಕೂರಿಸಿ ಮಾತಾಡಬಹುದು. ಒಬ್ಬನೇ ಹೋದರೆ ಅವರು ಕೊಟ್ಟ ಫಾರಂ ತುಂಬಿ ಬರಬೇಕು, ನೂರು ಜನ ಹೋದರೆ ಷರತ್ತಿನ ಬಗ್ಗೆ ಚೌಕಾಸಿ ನಡೆಯುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ನಮಗೂ ಕೆಲಸವಿಲ್ಲ, ಸಭೆ ಕರೆಯಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಎಲ್ಲರೂ ಪಾಲಿಸಿ ಹಿಡಿದುಕೊಂಡೇ ಬರಲಿ. ಕಾರ್ಯಸೂಚಿಯಲ್ಲಿ ಈ ವಿಷಯ ಇಲ್ಲದಿದ್ದರೂ ನಾನು ಎದ್ದು ನಿಂತು ಕೇಳುವವನೇ, ಬಾಯಿ ಮುಚ್ಚಿಸಲು ನನಗೂ ಒಂದು ಶಾಲು ಹೊದಿಸುತ್ತೀರಾದರೆ ಹೊದಿಸಿ.