ಸೋಲಿಗರ ರಕ್ತವ್ಯಾಧಿಯೂ ಗ್ರಾಮವೈದ್ಯರ ಹೊಣೆಯೂ

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ವಾಸಿಸುವ ಸೋಲಿಗರಲ್ಲಿ ಕುಡುಗೋಲು ಕಣದ ರಕ್ತಹೀನತೆಯೆಂಬ ಆನುವಂಶಿಕ ವ್ಯಾಧಿಯುಂಟೆಂಬುದು ಹೊಸ ವಾರ್ತೆಯಲ್ಲ. ನೆರೆಯ ನೀಲಗಿರಿಯ ಗಿರಿಜನರಲ್ಲಿ ಇದು 1952ರಲ್ಲಿಯೇ ಪತ್ತೆಯಾಗಿತ್ತು. 1981ರಲ್ಲಿ ಡಾಕ್ಟರ್ ಎಚ್. ಸುದರ್ಶನರು ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಸೋಲಿಗರಲ್ಲಿ ಇದನ್ನು ಗುರುತಿಸಿ ಶುಶ್ರೂಷೆಗೆ ತೊಡಗಿದರು. ಹೊಸತಾಗಿರುವುದು ಚಿಕಿತ್ಸೆಯ ಜ್ಞಾನ. ಅದು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಜಿನವರೆಗೆ ಬಂದಿದೆಯೇ ಎಂಬುದೇ ನಮ್ಮ ಪ್ರಶ್ನೆ.

ತಂದೆತಾಯಿಗಳಿಬ್ಬರಿಂದಲೂ ದೋಷವನ್ನು ಪಡೆದ ಮಗುವಿನ ಕೆಂಪು ರಕ್ತಕಣಗಳು ಆಮ್ಲಜನಕವು ಕಡಮೆಯಾದಾಗ ಕುಡುಗೋಲಿನಂತೆ ಬಾಗಿ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಲುಬುಗಳಲ್ಲಿ ಸಹಿಸಲಾಗದ ನೋವುಂಟಾಗುತ್ತದೆ. ಗುಲ್ಮವು ಕೆಟ್ಟು ಸೋಂಕುಗಳನ್ನು ತಡೆಯುವ ಶಕ್ತಿಯು ಕುಂದುತ್ತದೆ. ಇಂತಹ ಮಗುವಿಗೆ ಬಂದ ಜ್ವರವನ್ನು ಸಾಮಾನ್ಯ ಜ್ವರವೆಂದೆಣಿಸಿ ಎರಡು ಮಾತ್ರೆ ಕೊಟ್ಟು ಕಳುಹಿಸುವ ವೈದ್ಯರು ತಿಳಿಯದೆಯೇ ಪ್ರಾಣಾಪಾಯವನ್ನು ತಂದೊಡ್ಡುತ್ತಾರೆ. ನಿತ್ಯವೂ ಪೆನಿಸಿಲಿನ್ ಕೊಟ್ಟಲ್ಲಿ ಶಿಶುಗಳ ಘೋರ ಸೋಂಕುಗಳು ನೂರಕ್ಕೆ 84ರಷ್ಟು ತಗ್ಗುವುವೆಂದು ಅಮೆರಿಕದಲ್ಲಿ 1986ರಲ್ಲಿಯೇ ಸಿದ್ಧಪಟ್ಟಿದೆ. ಇದು ಬಡವರ ಕೈಗೂ ಎಟಕುವ ಔಷಧ.

ಹೈಡ್ರಾಕ್ಸಿಯೂರಿಯಾ ಎಂಬ ಔಷಧದ ಕಥೆಯೂ ಇಂತಹದೇ. ವಯಸ್ಕರಲ್ಲಿ ನೋವಿನ ಸಂಕಟಗಳನ್ನು ಸುಮಾರು ಅರ್ಧಕ್ಕೆ ಇಳಿಸುವುದೆಂದು 1995ರಲ್ಲಿ ತಿಳಿಯಿತು. ಆಫ್ರಿಕದ ನಾಲ್ಕು ದೇಶಗಳ ಮಕ್ಕಳಲ್ಲಿ ನೋವು, ಸೋಂಕು, ಮರಣಗಳೆಲ್ಲವನ್ನೂ ತಗ್ಗಿಸಿತೆಂದು 2019ರಲ್ಲಿ ಪ್ರಕಟವಾಯಿತು. ನಾಗಪುರದ ವೈದ್ಯರು ದೇಹದ ತೂಕದ ಕಿಲೋಗ್ರಾಮಿಗೆ ದಿನವೊಂದಕ್ಕೆ 10 ಮಿಲಿಗ್ರಾಮಿನಷ್ಟು ಅಲ್ಪ ಪ್ರಮಾಣವೂ ನಮ್ಮ ಮಕ್ಕಳಿಗೆ ಗುಣಕಾರಿಯೆಂದು ತೋರಿಸಿರುವುದು ನಮಗೆ ಹೆಚ್ಚು ಪ್ರಯೋಜನದ ಮಾತು. ಭಾರತದಲ್ಲಿ ಈ ವ್ಯಾಧಿಯು ಸೌಮ್ಯವಾದುದೆಂಬ ಹಳೆಯ ಸಮಾಧಾನವನ್ನು ಮಧ್ಯಭಾರತದ ಮಕ್ಕಳ ಅನುಭವವು ಸುಳ್ಳುಮಾಡಿದೆ.

ಹೊಸತೆಲ್ಲವೂ ಹಿತವೆಂದು ಭ್ರಮಿಸಬೇಕಾಗಿಲ್ಲ. ಬಹಳ ಪ್ರಚಾರ ಪಡೆದಿದ್ದ ವೋಕ್ಸೆಲೋಟಾರ್ ಎಂಬ ಔಷಧವನ್ನು ಅದರ ತಯಾರಕರೇ 2024ರ ಸೆಪ್ಟೆಂಬರಿನಲ್ಲಿ ಜಗತ್ತಿನ ಮಾರುಕಟ್ಟೆಗಳಿಂದ ಹಿಂತೆಗೆದುಕೊಂಡರು. 2023ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಸಮ್ಮತಿ ಪಡೆದ ವಂಶವಾಹಿ ಚಿಕಿತ್ಸೆಯು ಅದ್ಭುತವೇ ಸರಿ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರು!

ಕೇಂದ್ರ ಸರ್ಕಾರದವರು 2023ರ ಜುಲೈ 1ರಂದು ಆರಂಭಿಸಿದ ನಿರ್ಮೂಲನ ಯೋಜನೆಯು 40 ವರ್ಷಗಳೊಳಗಿನ 7 ಕೋಟಿ ಜನರ ಪರೀಕ್ಷೆಯನ್ನು ಉದ್ದೇಶಿಸಿದೆ. ಕರ್ನಾಟಕವೂ ಅದರಲ್ಲಿ ಸೇರಿದೆ. ಸಂಕಲ್ಪವು ಸ್ತುತ್ಯ. ಆದರೆ ಎಷ್ಟು ಮಂದಿಯ ರಕ್ತವನ್ನು ತೆಗೆದೆವೆಂದು ಎಣಿಸುವುದು ಸುಲಭ. ಎಷ್ಟು ಮಂದಿಗೆ ಈ ತಿಂಗಳು ಔಷಧ ತಲಪಿತೆಂದು ಹೇಳುವುದು ಕಷ್ಟ. ದೋಷವನ್ನು ಒಬ್ಬರಿಂದ ಮಾತ್ರ ಪಡೆದವರು ರೋಗಿಗಳಲ್ಲ. ಇದನ್ನು ಪೋಡಿನ ಹಿರಿಯರಿಗೆ ತಿಳಿಯಹೇಳದೆ ಚೀಟಿಗಳನ್ನು ಹಂಚಿದಲ್ಲಿ ಆರೋಗ್ಯವಂತ ಕನ್ಯೆಗೆ ಕಳಂಕ ಹಚ್ಚಿದಂತಾದೀತು.

ಹೈಡ್ರಾಕ್ಸಿಯೂರಿಯಾವನ್ನು ಸೇವಿಸುವವರ ರಕ್ತಕಣಗಳ ಎಣಿಕೆಯನ್ನು ಆಗಾಗ್ಗೆ ನೋಡುತ್ತಿರಬೇಕು. ಅದಕ್ಕಾಗಿ ಕೂಲಿಯನ್ನು ಬಿಟ್ಟು ಬೆಟ್ಟವಿಳಿದು ಬರಬೇಕೆಂದರೆ ಎರಡನೆಯ ಬಾರಿ ಯಾರು ಬರುತ್ತಾರೆ? ಆರೋಗ್ಯ ಇಲಾಖೆಯವರು ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ಯಾವ ಯಾವ ಕೇಂದ್ರಗಳಲ್ಲಿ ಈ ಔಷಧವೂ ರಕ್ತಪರೀಕ್ಷೆಯೂ ಒಂದೇ ದಿನ ದೊರೆಯುವುವೆಂಬುದನ್ನು ತಿಂಗಳು ತಿಂಗಳೂ ಪ್ರಕಟಿಸಲಿ.