ಕೊಲಂಬಿಯಾ ತೋರಿಸಿ ನಮ್ಮ ಮರ ಕಡಿಸಬೇಡಿ

ಬೆಳೆಗಾರ ಮಿತ್ರರೇ, ಹೋದ ವಾರ ಮೀಟಿಂಗಲ್ಲಿ ಒಬ್ಬರು ಹೇಳಿದ್ರು, "ಕೊಲಂಬಿಯಾದವರು ಮರ ತೆಗೆದು ಬಿಸಿಲಲ್ಲೇ ಕಾಫಿ ಬೆಳೀತಾರೆ. ನಾವಿನ್ನೂ ಅತ್ತಿ, ಬಸರಿ ಕಟ್ಕೊಂಡು ಕೂತಿದ್ದೀವಿ" ಅಂತ. ಚಪ್ಪಾಳೆನೂ ಬಿತ್ತು. ಅದು ಅರ್ಧ ಸತ್ಯ. ಉಳಿದರ್ಧ ನಾನು ಹೇಳ್ತೀನಿ.

1970ರ ದಶಕದಿಂದ ಅಲ್ಲಿ ನೆರಳು ತೆಗೆದು ಗಿಡ್ಡ ತಳಿ ಒತ್ತೊತ್ತಾಗಿ ನೆಟ್ಟಿದ್ದು ನಿಜ. ಇಳುವರಿ ಏರಿದ್ದೂ ನಿಜ. ಆದ್ರೆ ಆ ಆಂಡಿಸ್ ಬೆಟ್ಟದ ಮಂಜುಕಾಡಲ್ಲಿ ಟ್ಯಾನೇಜರ್ ಅಂತ ಒಂದು ಜಾತಿ ಹಕ್ಕಿಗಳಿವೆ. ಅದರಲ್ಲಿ ಬಹುವರ್ಣದ ಟ್ಯಾನೇಜರ್ ಅನ್ನೋದು ಕೊಲಂಬಿಯಾ ಬಿಟ್ಟು ಜಗತ್ತಲ್ಲಿ ಬೇರೆಲ್ಲೂ ಇಲ್ಲ. ಗೇಣುದ್ದವೂ ಇಲ್ಲ. ಮುಖ ಅರಿಶಿನ, ಕತ್ತಿನ ಹಿಂದೆ ಹಸಿರು, ಹೊಟ್ಟೆ ನೀಲಿ. ಹಣ್ಣು ತಿನ್ನುತ್ತೆ, ಎಲೆಯ ಅಡಿ ಬಗ್ಗಿ ಹುಳ ಹೆಕ್ಕುತ್ತೆ. ಕಾಫಿಗೆ ಹೊಂದುವ ಎತ್ತರವೇ ಅದಕ್ಕೂ ಬೇಕು. ಕಾಫಿ, ಹುಲ್ಲುಗಾವಲು ಅಂತ ಆ ಇಳಿಜಾರಿನ ಕಾಡು ಕಡಿದಷ್ಟೂ ಅದರ ಜಾಗ ತುಂಡು ತುಂಡಾಯ್ತು.

"ಹಕ್ಕಿ ಹೋದ್ರೆ ನಮಗೇನು?" ಅಂತೀರಾ? ಜಮೈಕಾದಲ್ಲಿ ಕೆಲವು ಕಾಫಿ ಗಿಡಕ್ಕೆ ಹಕ್ಕಿ ಬರದ ಹಾಗೆ ಬಲೆ ಮುಚ್ಚಿ ನೋಡಿದ್ರು. ಬಲೆಯೊಳಗೆ ಕಾಯಿಕೊರಕ ಜಾಸ್ತಿ ಆಯ್ತು. ಅಲ್ಲಿ ಹುಳ ತಿಂದಿದ್ದು ಬೇರೆ ಪುಟ್ಟ ಹಕ್ಕಿಗಳು, ಆದ್ರೆ ಲೆಕ್ಕ ಒಂದೇ. ಔಷಧಿ ಬಿಲ್ ಇಲ್ಲದ ಆಳುಗಳು ಅವು.

ಇನ್ನೊಂದು ವಿಷಯ. ಕೊಲಂಬಿಯಾದ ಬೆಟ್ಟದಲ್ಲಿ ಮೋಡ ಮುಚ್ಚಿರುತ್ತೆ, ಮಳೆ ವರ್ಷದಲ್ಲಿ ಹಂಚಿ ಬರುತ್ತೆ. ನಮ್ಮಲ್ಲಿ ಮಳೆಗಾಲ ಮುಗಿದ್ರೆ ಹೂಮಳೆ ತನಕ ಆಕಾಶ ನೋಡೋ ಪಾಡು. ಬಿಳಿ ಕಾಂಡಕೊರಕ ಅವರಿಗಿಲ್ಲ, ನಮಗಿದೆ. ಬಿಸಿಲು ಬಿದ್ದ ಅರೇಬಿಕಾ ಕಾಂಡ ಅದಕ್ಕೆ ಹಬ್ಬದೂಟ. ಅವರನ್ನ ನೋಡಿ ನೆರಳು ಬಿಚ್ಚಿದ್ರೆ ಗಿಡ ಕಿತ್ತು ಸುಡೋರು ನಾವೇ.

ಸಿಲ್ವರ್ ಯಾಕೆ ಹಾಕ್ತೀರಿ ಗೊತ್ತು. ಬೇಗ ಬೆಳೆಯುತ್ತೆ, ಮೆಣಸು ಹಬ್ಬಿಸಬಹುದು, ಕಡಿಯೋಕೆ ಪರ್ಮಿಷನ್ ಅಲೆದಾಟ ಕಮ್ಮಿ. ನನ್ನ ತೋಟದಲ್ಲೂ ಇದೆ. ಆದ್ರೆ ಅದರಲ್ಲಿ ಹಕ್ಕಿ ತಿನ್ನೋ ಹಣ್ಣಿಲ್ಲ. ನೆರಳಿನ ತೋಟ ಕಾಡಲ್ಲ, ಒಪ್ತೀನಿ. ಹಾಗಂತ ಬರೀ ಕಂಬದ ಸಾಲೂ ಆಗಬೇಕಿಲ್ಲ.

ಸಿಲ್ವರ್ ಹಾಕಿ, ಬೇಡ ಅನ್ನಲ್ಲ. ಆದ್ರೆ ಅದಕ್ಕಾಗಿ ಅತ್ತಿ, ಗೋಣಿ, ಹಲಸಿಗೆ ಗರಗಸ ಇಡಬೇಡಿ. ಮರಗಸಿ ಮಾಡಿ, ಬುಡ ಉಳಿಸಿ. ಕಡಿದ ಮರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಷ್ಟು ದೊಡ್ಡದಾಗಲ್ಲ.