ಕಬ್ಬಿನ ಪ್ಲಾಸ್ಟಿಕ್: ಅಡಿಗಲ್ಲಿಗೆ ಮೊದಲು ಲೆಕ್ಕ ಕೊಡಿ

ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಪಾಂಡವಪುರ ತಾಲ್ಲೂಕಿನ ಕಬ್ಬು ಬೆಳೆಗಾರ. ಊರಿಗೆ ಮರಳುವ ಮುನ್ನ ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ದುಡಿದವನು. ಹಾಗಾಗಿ "ಕಬ್ಬಿನಿಂದಲೇ ಪ್ಲಾಸ್ಟಿಕ್ ಮಾಡ್ತಾರಂತಲ್ಲ, ನಮ್ಮ ಕಡೆ ಒಂದು ಫ್ಯಾಕ್ಟರಿ ಬಂದ್ರೆ ಕಬ್ಬಿಗೆ ರೇಟು ಬರಲ್ವಾ?" ಎಂದು ಅಕ್ಕಪಕ್ಕದ ಹೊಲದವರು ನನ್ನನ್ನೇ ಕೇಳುತ್ತಾರೆ. ಉತ್ತರ ಪ್ರದೇಶದ ಕುಂಭಿಯಲ್ಲಿ ಬಲರಾಂಪುರ ಚೀನಿ ಮಿಲ್ಸ್ ಅಂಥದೊಂದು ಯೋಜನೆಗೆ ಕೈಹಾಕಿದೆ. ಅಲ್ಲಿನ ಸರ್ಕಾರ 2024ರಲ್ಲಿ ಅದಕ್ಕೆಂದೇ ನೀತಿಯನ್ನೂ ತಂದಿದೆ. ನಾಳೆ ಯಾರಾದರೂ ಬಂಡವಾಳದಾರರು ತಮ್ಮ ಬಾಗಿಲಿಗೂ ಬಂದಾರು. ಅವರು ಬರುವ ಮೊದಲೇ ತಮಗೆ ಲೆಕ್ಕ ಒಪ್ಪಿಸೋಣವೆಂದು ಈ ಪತ್ರ.

ಈ ವಿದ್ಯೆ ಹೊಸದೇನಲ್ಲ. 1959ರಲ್ಲಿ ಬಂಗಾಳದ ರಿಷ್ರಾದಲ್ಲಿ ನಮ್ಮ ದೇಶದ ಮೊದಲ ಪಾಲಿಥೀನ್ ತಯಾರಾದದ್ದು ಕಚ್ಚಾ ತೈಲದಿಂದಲ್ಲ, ಕಾಕಂಬಿಯ ಆಲ್ಕೋಹಾಲಿನಿಂದ. 1963ರಲ್ಲಿ ಬರೇಲಿಯಲ್ಲಿ ಆಲ್ಕೋಹಾಲಿನಿಂದ ಕೃತಕ ರಬ್ಬರನ್ನೂ ಮಾಡಿದರು. ಆಮೇಲೆ 1966ರಲ್ಲಿ ಟ್ರಾಂಬೆಯಲ್ಲಿ, 1968ರಲ್ಲಿ ಠಾಣೆಯಲ್ಲಿ ನಾಫ್ತಾ ಕ್ರ್ಯಾಕರ್‌ಗಳು ಶುರುವಾದವು. ನಾಫ್ತಾವನ್ನು ಸುಮಾರು 850 ಡಿಗ್ರಿಗೆ ಕಾಯಿಸಿ ಒಡೆದರೆ ಎಥಿಲೀನ್, ಪ್ರೊಪಿಲೀನ್, ಬ್ಯೂಟಡೈನ್ ಎಲ್ಲ ಒಟ್ಟಿಗೇ ಕೈಗೆ ಬರುತ್ತವೆ, ಎಲ್ಲಕ್ಕೂ ಗಿರಾಕಿಗಳಿದ್ದಾರೆ. ಪಾಲಿಥೀನಿಗೆಂದು ಆಲ್ಕೋಹಾಲನ್ನು ಒಡೆದರೆ ಸಿಗುವುದು ಎಥಿಲೀನ್ ಒಂದೇ, ಉಳಿದದ್ದು ನೀರು. ಕಬ್ಬಿನ ಪ್ಲಾಸ್ಟಿಕ್ ಸೋತದ್ದು ಅಲ್ಲೇ.

ಇವತ್ತಿಗೂ ಅದು ಗೆಲ್ಲುವುದಿಲ್ಲ. ಒಂದು ಟನ್ ಕಬ್ಬಿನ ಹಾಲನ್ನು ಪೂರ್ತಿ ಆಲ್ಕೋಹಾಲಿಗೇ ಬಿಟ್ಟರೆ ಹೆಚ್ಚೆಂದರೆ 70 ಲೀಟರ್ ಎಥೆನಾಲ್ ಸಿಗುತ್ತದೆ. ಒಂದು ಟನ್ ಪಾಲಿಥೀನಿಗೆ ಸುಮಾರು 2,200 ಲೀಟರ್ ಎಥೆನಾಲ್ ಬೇಕು. ಅಂದರೆ ಟನ್ ಕಬ್ಬಿಗೆ ಸಿಗುವ ಪ್ಲಾಸ್ಟಿಕ್ 32 ಕೆ.ಜಿ. ಪೆಟ್ರೋಲಿಯಂನಿಂದ ಮಾಡಿದ ಪಾಲಿಥೀನ್ ಈಚಿನ ವರ್ಷಗಳಲ್ಲಿ ಕೆ.ಜಿ.ಗೆ ನೂರು ರೂಪಾಯಿ ಆಸುಪಾಸಿನಲ್ಲೇ ಇದೆ. 32 ಕೆ.ಜಿ.ಗೆ 3,200 ರೂಪಾಯಿ ಆಯಿತು. ಇನ್ನು ಕಬ್ಬಿನ ಬೆಲೆ ನೋಡಿ: 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿಯಲ್ಲಿ (ನ್ಯಾಯಯುತ ಮತ್ತು ಲಾಭದಾಯಕ ದರ), ಶೇ. 9.5ಕ್ಕಿಂತ ಕಡಿಮೆ ಸಕ್ಕರೆ ಇಳುವರಿಯ ಕಬ್ಬಿಗೆ ಕೊಡಬೇಕಾದ ಕನಿಷ್ಠ ದರವೇ ಟನ್ನಿಗೆ 3,290 ರೂಪಾಯಿ 50 ಪೈಸೆ. ಬಾಯ್ಲರು, ಆಳು, ಸಾಲದ ಬಡ್ಡಿ ಯಾವುದೂ ಲೆಕ್ಕಕ್ಕೆ ಬರುವ ಮೊದಲೇ ನಷ್ಟ. ಅದೇ ಎಥೆನಾಲನ್ನು ತೈಲ ಕಂಪನಿಗಳು ಪೆಟ್ರೋಲಿಗೆ ಬೆರೆಸಲು ಲೀಟರಿಗೆ 65 ರೂಪಾಯಿ 61 ಪೈಸೆ ಕೊಟ್ಟು ಕೊಳ್ಳುತ್ತಿರುವಾಗ ಪ್ಲಾಸ್ಟಿಕ್ಕಿಗೆ ಸುರಿಯುವವರು ಯಾರು?

ಬ್ರೆಜಿಲ್ಲಿನ ಬ್ರಾಸ್ಕೆಮ್ ಕಂಪನಿ ಟ್ರಿಯುಂಫೊದಲ್ಲಿ 2010ರಿಂದ ಇದನ್ನೇ ನಡೆಸುತ್ತಿದೆಯಲ್ಲ ಎಂದು ಯಾರಾದರೂ ಹೇಳಿಯಾರು. ನಿಜ. ವರ್ಷಕ್ಕೆ 2 ಲಕ್ಷ ಟನ್ನಿನಿಂದ ಶುರು ಮಾಡಿ 2023ರಲ್ಲಿ 2.6 ಲಕ್ಷಕ್ಕೆ ಏರಿಸಿದರು. ಹಸಿರು ಹೆಸರಿಗೆ ಹೆಚ್ಚು ಹಣ ತೆರುವ ವಿದೇಶಿ ಗಿರಾಕಿಗಳು ಅವರಿಗಿದ್ದಾರೆ. ಅಷ್ಟು ದೊಡ್ಡ ಘಟಕವನ್ನು ಇಲ್ಲಿ ಕಟ್ಟಿದರೆ 2 ಲಕ್ಷ ಟನ್ನಿಗೇ 63 ಲಕ್ಷ ಟನ್ ಕಬ್ಬು ಬೇಕು. ದಿನಕ್ಕೆ 5,000 ಟನ್ ಅರೆಯುವ ಎಂಟು ಕಾರ್ಖಾನೆಗಳು ಐದು ತಿಂಗಳು ಬಿಡುವಿಲ್ಲದೆ ಅರೆದರೂ ಅಷ್ಟಾಗುವುದಿಲ್ಲ. ನಮ್ಮ ಪಾಂಡವಪುರದ ಸಹಕಾರಿ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿ, 2020ರಲ್ಲಿ ನಲವತ್ತು ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಗೆ ಹೋದದ್ದು ತಮಗೆ ಗೊತ್ತೇ ಇದೆ. ಒಂದನ್ನು ನಡೆಸಲೇ ಏದುಸಿರು ಬಿಟ್ಟ ತಾಲ್ಲೂಕು ನಮ್ಮದು.

ಹಾಗಾದರೆ ಕುಂಭಿಯವರು ದಡ್ಡರೇ? ಅಲ್ಲ. ಅವರು ಮಾಡಹೊರಟದ್ದು ಪಾಲಿಥೀನ್ ಅಲ್ಲ, ಪಿಎಲ್‌ಎ, ಅಂದರೆ ಪಾಲಿಲ್ಯಾಕ್ಟಿಕ್ ಆಮ್ಲ. ವ್ಯತ್ಯಾಸವೆಲ್ಲ ಇಲ್ಲೇ ಇದೆ. ಸಕ್ಕರೆ ಹುಳಿತು ಆಲ್ಕೋಹಾಲ್ ಆಗುವಾಗ ಹೆಚ್ಚುಕಡಿಮೆ ಅರ್ಧ ತೂಕ ಇಂಗಾಲಾಮ್ಲವಾಗಿ ಹಾರಿಹೋಗುತ್ತದೆ. ಆ ಆಲ್ಕೋಹಾಲ್ ಎಥಿಲೀನ್ ಆಗುವಾಗ ಇನ್ನಷ್ಟು ನೀರಾಗಿ ಹೋಗುತ್ತದೆ. ನೂರು ಕೆ.ಜಿ. ಸಕ್ಕರೆಗೆ ಮೂವತ್ತು ಕೆ.ಜಿ. ಪಾಲಿಥೀನ್ ಉಳಿದರೆ ಹೆಚ್ಚು. ಪಿಎಲ್‌ಎಗೆ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತಾರೆ, ಮೊಸರು ಹುಳಿಯಾಗುತ್ತದಲ್ಲ, ಅದೇ ಆಮ್ಲ. ಇಲ್ಲಿ ಹೊಗೆಯಾಗಿ ಹೋಗುವುದು ಕಡಿಮೆ: ಸುಮಾರು 1.6 ಕೆ.ಜಿ. ಸಕ್ಕರೆಗೆ ಒಂದು ಕೆ.ಜಿ. ಪ್ಲಾಸ್ಟಿಕ್. ಶೇ. 9 ಇಳುವರಿಯ ನಮ್ಮ ಕಬ್ಬಿನಲ್ಲೂ ಟನ್ನಿಗೆ 55 ಕೆ.ಜಿ. ಬರುತ್ತದೆ, ಬೆಲೆಯೂ ಪಾಲಿಥೀನಿನ ಸುಮಾರು ಎರಡರಷ್ಟು. ಕಬ್ಬಿನಿಂದ ಪ್ಲಾಸ್ಟಿಕ್ ಮಾಡುವುದೇ ಆದರೆ ದಾರಿ ಇದು. ಕುಂಭಿಯ 80,000 ಟನ್ನಿನ ಘಟಕಕ್ಕೆ 14 ಲಕ್ಷ ಟನ್ ಕಬ್ಬಿನ ಸಕ್ಕರೆ ಸಾಕು, ಎರಡು ಕಾರ್ಖಾನೆ ಮನಸ್ಸು ಮಾಡಿದರೆ ಆಗುವ ಮಾತು. ಬಂಡವಾಳ ಮಾತ್ರ ಸುಮಾರು 2,850 ಕೋಟಿ ರೂಪಾಯಿ.

ಇದರಲ್ಲೂ ತೊಡಕುಗಳಿವೆ. ಲ್ಯಾಕ್ಟಿಕ್ ಆಮ್ಲವನ್ನು ಹಳೆಯ ಕ್ರಮದಲ್ಲಿ ಸುಣ್ಣ ಹಾಕಿ ತೆಗೆದರೆ ಟನ್ನಿಗೆ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಂ ಬೀಳುತ್ತದೆ. ಅದನ್ನು ಕಾವೇರಿ ಬಯಲಿನಲ್ಲಿ ಎಲ್ಲಿ ಸುರಿಯುತ್ತಾರೆ ಎಂದು ಮೊದಲೇ ಕೇಳಿಕೊಳ್ಳಬೇಕು. ಪಿಎಲ್‌ಎ ಮಣ್ಣಿನಲ್ಲಿ ಕರಗಿಹೋಗುತ್ತದೆ ಎನ್ನುವುದೂ ಅರ್ಧ ಸತ್ಯ. ಅದು ಕರಗಲು ಅರವತ್ತು ಡಿಗ್ರಿ ಆಸುಪಾಸಿನ ಬಿಸಿ ಇರುವ ಗೊಬ್ಬರ ಘಟಕ ಬೇಕು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟವರು ಎಸೆದುಹೋಗುವ ಚೀಲ ಪೆಟ್ರೋಲಿನದಾದರೂ ಕಬ್ಬಿನದಾದರೂ ಹೊಳೆಯಲ್ಲಿ ಹಾಗೇ ಉಳಿಯುತ್ತದೆ.

ಇನ್ನೊಂದು ವಿಷಯ. ಕೆಲವು ಆಲೆಮನೆಗಳ ಒಲೆ ಬಾಯಿಗೆ ಟೈರು, ಪ್ಲಾಸ್ಟಿಕ್ ಚೂರು ಬೀಳುವುದನ್ನು ತಾವು ಆದೇಶದಿಂದ ನಿಲ್ಲಿಸಲು ನೋಡುತ್ತೀರಿ. ಅದು ಯಾಕೆ ನಿಲ್ಲುವುದಿಲ್ಲ ಎನ್ನುವುದಕ್ಕೂ ಲೆಕ್ಕವೇ ಕಾರಣ. ಒಣ ಸೌದೆ ಕೆ.ಜಿ.ಗೆ 4,000 ಕಿಲೋಕ್ಯಾಲರಿ ಶಾಖ ಕೊಟ್ಟರೆ ಪಾಲಿಥೀನ್ 11,000 ಕೊಡುತ್ತದೆ. ಕಬ್ಬಿನ ಸಿಪ್ಪೆ ಮಳೆಗೆ ನೆನೆದು ಕೂತ ದಿನ ಕೊಪ್ಪರಿಗೆ ಕುದಿಯಲೇಬೇಕಾದ ಆಲೆಮನೆಯವನು ಏನು ಮಾಡಿಯಾನು? ದಂಡದ ಜೊತೆಗೆ ಸಿಪ್ಪೆ ಒಣಗಿಸುವ ಸೂರು, ಶಾಖ ಪೋಲಾಗದ ಒಲೆಗೆ ಸಹಾಯಧನ ಕೊಡಿಸಿ. ಪ್ಲಾಸ್ಟಿಕ್ ಕಾರ್ಖಾನೆಗೆ ಹೋಲಿಸಿದರೆ ಇದು ಚಿಲ್ಲರೆ ಹಣ, ನಾಳೆಯೇ ಆಗುವ ಕೆಲಸ.

ಮುಖ್ಯ ಮಾತಿಗೆ ಬರುತ್ತೇನೆ. ಎಫ್‌ಆರ್‌ಪಿ ಅಳೆಯುವುದು ಸಕ್ಕರೆ ಇಳುವರಿಯನ್ನು. ನನ್ನ ಕಬ್ಬಿನ ಹಾಲು ಸಕ್ಕರೆಯಾದರೂ ಎಥೆನಾಲಾದರೂ ನಾಳೆ ಪ್ಲಾಸ್ಟಿಕ್ ಆದರೂ ಆ ದರ ಬದಲಾಗುವುದಿಲ್ಲ. ರಂಗರಾಜನ್ ಸಮಿತಿ 2012ರಲ್ಲಿ ಸಕ್ಕರೆ, ಕಾಕಂಬಿ, ಸಿಪ್ಪೆ, ಪ್ರೆಸ್‌ಮಡ್ ಸೇರಿಸಿ ಹುಟ್ಟುವಳಿಯ ಶೇ. 70ರಷ್ಟು ರೈತನಿಗೆ ಎಂದಿತು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಇಲ್ಲ. ಬಾಗಲಕೋಟೆಯ ಸಮೀರವಾಡಿಯಲ್ಲಿ ಕಾರ್ಖಾನೆಯಿರುವ ಗೋದಾವರಿ ಬಯೋರಿಫೈನರೀಸ್ ಕಬ್ಬಿನ ಆಲ್ಕೋಹಾಲಿನಿಂದ ಈಥೈಲ್ ಅಸಿಟೇಟ್‌ನಂಥ ರಾಸಾಯನಿಕಗಳನ್ನು ಮಾರುತ್ತಿದೆ. ಉದ್ಯಮ ಎತ್ತ ಸಾಗಿದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ರೈತನ ಪಾಲಿನ ಲೆಕ್ಕ ಮಾತ್ರ ಸಕ್ಕರೆ ಮೂಟೆಯ ಹತ್ತಿರವೇ ನಿಂತಿದೆ.

ಅಪಾಯ ಮಾತ್ರ ನಮ್ಮದು. 2023ರಲ್ಲಿ ಮಳೆ ಕೈಕೊಟ್ಟಾಗ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಕಬ್ಬು ಒಣಗಿತು. ಅದೇ ವರ್ಷ ಡಿಸೆಂಬರ್ 7ರಂದು ಕೇಂದ್ರ ಒಂದು ಆದೇಶದಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನೇ ತಡೆಯಿತು. ಮುಂದಿನ ವರ್ಷ ಮತ್ತೆ ಬಿಟ್ಟಿತು. ಹೀಗೆ ರಾತ್ರೋರಾತ್ರಿ ನೀತಿ ಬದಲಾದರೆ 2,850 ಕೋಟಿಯ ಸಾಲಗಾರ ಮೊದಲು ತಡೆಹಿಡಿಯುವುದು ಕಬ್ಬಿನ ಬಾಕಿಯನ್ನೇ. ಇಂಥ ಘಟಕಕ್ಕೆ ಸರ್ಕಾರ ಕೊಡುವ ಸಬ್ಸಿಡಿಯಲ್ಲಿ, ಕಬ್ಬಿನ ಮುಖ ನೋಡದೆ ರಾಗಿ, ತೆಂಗು ನಂಬಿ ಬದುಕುವ ನಾಗಮಂಗಲದ ಮೇಲ್ನಾಡಿನವರ ತೆರಿಗೆಯೂ ಇರುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟೆ. ಕಬ್ಬಿನ ಪ್ಲಾಸ್ಟಿಕ್ಕಿನ ಯಾವ ಪ್ರಸ್ತಾವ ಬಂದರೂ ಅದು ಪಾಲಿಥೀನೋ ಪಿಎಲ್‌ಎಯೋ, ಟನ್ ಕಬ್ಬಿಗೆ ಎಷ್ಟು ಕೆ.ಜಿ., ಎಷ್ಟು ನೀರು, ಎಷ್ಟು ಜಿಪ್ಸಂ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪಾಂಡವಪುರ, ಕೆ.ಆರ್. ಪೇಟೆಯ ಬೆಳೆಗಾರರ ಮುಂದಿಡಿ. ಸಬ್ಸಿಡಿ ಒಪ್ಪಂದದಲ್ಲೇ ಪ್ಲಾಸ್ಟಿಕ್ ಮಾರಾಟದ ಹಣದಲ್ಲಿ ರೈತನ ಪಾಲು ಎಷ್ಟೆಂದು ಬರೆಸಿ. ಆ ಪಾಲು ಕಬ್ಬು ಕಡಿಯಲು ನಮ್ಮ ಕೈಗೆ ಬರುವ ಕಟಿಂಗ್ ಆರ್ಡರ್ ಮೇಲೂ ನಮೂದಾಗಲಿ. ಅಷ್ಟು ಮಾಡಿಸಿಕೊಟ್ಟರೆ ಅಡಿಗಲ್ಲು ಹಾಕುವ ದಿನ ನಾವೇ ಬಂದು ಮುಂದೆ ನಿಲ್ಲುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ